ಮರ ಮಣ್ಣು ತಿನ್ನುವುದಿಲ್ಲ

ಹಸಿರು ಸಸ್ಯಗಳು ಸೂರ್ಯನ ಬೆಳಕಿನಲ್ಲಿ ನೀರು ಮತ್ತು ಇಂಗಾಲದ ಡೈಆಕ್ಸೈಡ್ ಬಳಸಿ ತಮ್ಮ ಆಹಾರವನ್ನು ತಾವೇ ತಯಾರಿಸಿಕೊಳ್ಳುವ ಕ್ರಿಯೆಗೆ ದ್ಯುತಿಸಂಶ್ಲೇಷಣೆ ಎನ್ನುತ್ತಾರೆ. ಏಳನೇ ತರಗತಿ ಮುಗಿಸಿದ ಹೆಚ್ಚಿನ ಮಕ್ಕಳಿಗೆ ಈ ವಾಕ್ಯ ಬಾಯಿಪಾಠ. ಎರಡು ಅಂಕದ ಪ್ರಶ್ನೆಗೆ ಅಷ್ಟು ಸಾಕು, ಸಮೀಕರಣವನ್ನೂ ಬರೆದರೆ ಮೂರು ಅಂಕ. ಅದೇ ಮಕ್ಕಳಿಗೆ ಶಾಲೆಯ ಕಾಂಪೌಂಡಿನೊಳಗಿನ ಹೊಂಗೆ ಮರ ತೋರಿಸಿ ಬೇರೊಂದು ಪ್ರಶ್ನೆ ಕೇಳಬಹುದು: ಬೆರಳ ತುದಿಯಷ್ಟಿದ್ದ ಬೀಜ ಕ್ವಿಂಟಲ್‌ಗಟ್ಟಲೆ ತೂಗುವ ಮರವಾಯಿತಲ್ಲ, ಆ ತೂಕವೆಲ್ಲ ಎಲ್ಲಿಂದ ಬಂತು? ಮಣ್ಣಿನಿಂದ, ಗೊಬ್ಬರದಿಂದ, ನೀರಿನಿಂದ ಎಂಬ ಉತ್ತರಗಳೇ ಅನೇಕ ದೇಶಗಳ ಸಂಶೋಧಕರಿಗೆ ಮತ್ತೆ ಮತ್ತೆ ಸಿಕ್ಕಿವೆ. ಗಾಳಿಯಿಂದ ಎಂದು ಹೇಳುವವರು ವಿರಳ. ಇದು ಬಡ ಶಾಲೆಯ ಸಮಸ್ಯೆ ಎಂದುಕೊಳ್ಳಬೇಕಿಲ್ಲ. 1997ರಲ್ಲಿ ಬಂದ ‘ಮೈಂಡ್ಸ್ ಆಫ್ ಅವರ್ ಓನ್’ ಎಂಬ ಅಮೆರಿಕದ ಸಾಕ್ಷ್ಯಚಿತ್ರದಲ್ಲಿ ಹಾರ್ವರ್ಡ್ ಮತ್ತು ಎಂಐಟಿಯ ಪದವೀಧರರ ಕೈಗೆ ಒಂದು ಬೀಜವನ್ನೂ ಒಂದು ಮರದ ತುಂಡನ್ನೂ ಕೊಟ್ಟು ಇದೇ ಪ್ರಶ್ನೆ ಕೇಳುತ್ತಾರೆ. ಅಲ್ಲಿಯೂ ಮಣ್ಣು, ನೀರು ಎಂಬ ಉತ್ತರಗಳೇ. ಗಾಳಿಯಲ್ಲಿರುವ ಅನಿಲದಿಂದ ಎಂದರೆ ಹೇಗೆ ಎಂದು ಕೇಳಿದಾಗ, ಅದನ್ನು ನಂಬುವುದು ಕಷ್ಟ ಎನ್ನುವ ಮುಖಗಳೂ ಕಾಣುತ್ತವೆ.

ಇದೇ ಪ್ರಶ್ನೆಯನ್ನು ತಿರುಗಿಸಿ ಹಿಡಿದರೆ ವೈದ್ಯರೂ ತಡವರಿಸುತ್ತಾರೆ. ಮೈ ಇಳಿಸಿಕೊಂಡವರ ಕೊಬ್ಬು ಹೋಗುವುದೆಲ್ಲಿಗೆ? 2014ರ ಡಿಸೆಂಬರ್‌ನಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಪ್ರಕಟವಾದ ಒಂದು ಲೇಖನಕ್ಕಾಗಿ ಇದನ್ನು ವೈದ್ಯರು, ಆಹಾರತಜ್ಞರು ಮತ್ತು ವ್ಯಾಯಾಮ ತರಬೇತುದಾರರನ್ನು ಕೇಳಲಾಗಿತ್ತು. ಬಹುಪಾಲು ಜನ ‘ಶಕ್ತಿಯಾಗಿ, ಶಾಖವಾಗಿ ಹೋಗುತ್ತದೆ’ ಎಂದರು. ಲೆಕ್ಕ ಹಾಕಿ ನೋಡಿದರೆ, ಹತ್ತು ಕಿಲೊ ಕೊಬ್ಬು ಕರಗಿದಾಗ ಅದರಲ್ಲಿ 8.4 ಕಿಲೊ ಇಂಗಾಲದ ಡೈಆಕ್ಸೈಡಾಗಿ ಉಸಿರಿನ ಮೂಲಕ ಹೊರಹೋಗುತ್ತದೆ, ಉಳಿದ 1.6 ಕಿಲೊ ನೀರಾಗುತ್ತದೆ. ಮರದ ಮೈ ಗಾಳಿಯಿಂದ ಬಂದದ್ದು, ನಮ್ಮ ಮೈಯ ಕೊಬ್ಬು ಗಾಳಿಗೆ ಹೋಗುವಂಥದ್ದು. ಒಂದೇ ದಾರಿಯ ಎರಡು ತುದಿ. ಎರಡೂ ತುದಿಗಳಲ್ಲಿ ಓದಿದವರು ಎಡವುತ್ತಿದ್ದಾರೆ ಎಂದರೆ, ತಪ್ಪಿದ್ದು ಕಾಲೇಜಿನಲ್ಲಲ್ಲ. ಆರು, ಏಳು, ಎಂಟನೇ ತರಗತಿಗಳಲ್ಲಿ ಜೀವಶಾಸ್ತ್ರ ಮೊದಲ ಬಾರಿ ಒಂದು ವಿಷಯವಾಗಿ ಕಾಣಿಸಿಕೊಳ್ಳುವಾಗ ಏನೋ ಬಿಟ್ಟುಹೋಗಿದೆ.

ಬಿಟ್ಟುಹೋಗಿರುವುದು ಪದಾರ್ಥದ ಲೆಕ್ಕ ಎಂಬುದು ಈ ಲೇಖನದ ವಾದ. ಹನ್ನೊಂದು, ಹನ್ನೆರಡರ ಮಗು ಖಾಲಿ ತಲೆ ಹೊತ್ತು ವಿಜ್ಞಾನದ ತರಗತಿಗೆ ಬರುವುದಿಲ್ಲ. ಅದರ ಬಳಿ ಅದರದೇ ಒಂದು ಜೀವಶಾಸ್ತ್ರ ಇರುತ್ತದೆ. ಚಿಕ್ಕ ಮಕ್ಕಳು ಚಲಿಸುವುದಕ್ಕೆಲ್ಲ, ಸೂರ್ಯನಿಗೂ ಗಾಳಿಗೂ ಕೂಡ, ಜೀವ ಇದೆ ಎಂದು ಭಾವಿಸುವುದನ್ನು ಜೀನ್ ಪಿಯಾಜೆ 1920ರ ದಶಕದಲ್ಲೇ ದಾಖಲಿಸಿದ್ದರು. ಮಾಧ್ಯಮಿಕ ಹಂತಕ್ಕೆ ಬರುವಷ್ಟರಲ್ಲಿ ಸೂರ್ಯ ಪಟ್ಟಿಯಿಂದ ಹೊರಬೀಳುತ್ತಾನೆ, ಆದರೆ ಡಬ್ಬದಲ್ಲಿರುವ ಒಣಕಾಳಿಗೆ ಜೀವ ಇದೆಯೇ ಎಂದರೆ ಹಲವರಿಗೆ ಇನ್ನೂ ಅನುಮಾನ. ಗೊಬ್ಬರ ಹಾಕಿದರೆ ಬೆಳೆ ಹುಲುಸಾಗುವುದನ್ನು ಕಂಡ ಹಳ್ಳಿಯ ಮಗುವಿಗೆ ಗೊಬ್ಬರವೇ ಗಿಡದ ಊಟ. ಇದು ಪೆದ್ದುತನವಲ್ಲ. ಕಣ್ಣಿಗೆ ಕಂಡ ಪುರಾವೆಯಿಂದ ಮಗು ತೆಗೆದ ನ್ಯಾಯವಾದ ತೀರ್ಮಾನ. ಪಾಠ ಈ ತೀರ್ಮಾನವನ್ನು ಮುಟ್ಟುವುದೇ ಇಲ್ಲ, ಅದರ ಪಕ್ಕದಲ್ಲಿ ಇನ್ನೊಂದು ವಾಕ್ಯವನ್ನು ತಂದಿಟ್ಟು ಮುಂದೆ ಹೋಗುತ್ತದೆ. ತೆರಿಗೆಯವರಿಗೆ ತೋರಿಸಲು ಒಂದು, ತನಗೊಂದು ಎಂದು ಎರಡು ಲೆಕ್ಕದ ಪುಸ್ತಕ ಇಡುವ ವ್ಯಾಪಾರಿಯಂತೆ ಮಗು ಪರೀಕ್ಷೆಗೆ ಒಂದು ಜೀವಶಾಸ್ತ್ರವನ್ನೂ ಬದುಕಿಗೆ ಇನ್ನೊಂದನ್ನೂ ಇಟ್ಟುಕೊಳ್ಳುತ್ತದೆ. ಎರಡನ್ನೂ ಎದುರುಬದುರು ಇಟ್ಟು ತಾಳೆ ನೋಡುವ ಸಂದರ್ಭ ಪದವಿಯವರೆಗೂ ಬಾರದೆ ಹೋಗಬಹುದು.

ಪ್ರಯೋಗ ಮಾಡಿಸುತ್ತಿಲ್ಲವೇ ಎಂದು ಶಿಕ್ಷಕರು ಕೇಳಬಹುದು. ಮಾಡಿಸುವವರು ಇದ್ದಾರೆ. ಕುಂಡದ ಗಿಡವನ್ನು ಕತ್ತಲಲ್ಲಿಟ್ಟು, ಆಮೇಲೆ ಒಂದು ಎಲೆಗೆ ಕಪ್ಪು ಕಾಗದ ಸುತ್ತಿ ಬಿಸಿಲಿಗಿಟ್ಟು, ಆ ಎಲೆಯನ್ನು ಸ್ಪಿರಿಟ್‌ನಲ್ಲಿ ಬೇಯಿಸಿ ಬಣ್ಣ ತೆಗೆದು ಅಯೋಡಿನ್ ಹಾಕುವ ಪ್ರಯೋಗ ನಮ್ಮ ಶಾಲೆಗಳಲ್ಲಿ ತಲೆಮಾರುಗಳಿಂದ ನಡೆದುಬಂದಿದೆ. ಬಿಸಿಲು ಬಿದ್ದ ಭಾಗ ಕಡುನೀಲಿ, ಕಾಗದ ಮುಚ್ಚಿದ ಭಾಗ ಬಣ್ಣಗೆಟ್ಟೇ ಉಳಿಯುತ್ತದೆ. ನೋಡಲು ಚೆಂದ. ಆದರೆ ಅದು ಸಾಧಿಸುವುದು ಪಿಷ್ಟ ಉಂಟಾಗಲು ಬೆಳಕು ಬೇಕು ಎಂಬುದನ್ನಷ್ಟೇ. ಆ ಪಿಷ್ಟದ ಸರಕು ಎಲ್ಲಿಂದ ಬಂತು ಎಂಬುದರ ಬಗ್ಗೆ ಅದು ತುಟಿ ಬಿಚ್ಚುವುದಿಲ್ಲ. ಮಣ್ಣಿನಿಂದ ಬಂದ ಸರಕನ್ನು ಬೆಳಕು ಬೇಯಿಸಿತು ಎಂದುಕೊಂಡ ಮಗುವೂ ಆ ನೀಲಿಯನ್ನು ನೋಡಿ ತಲೆಯಾಡಿಸಬಹುದು. ಗಾಳಿಯಲ್ಲಿರುವ ಇಂಗಾಲದ ಡೈಆಕ್ಸೈಡ್ ಬೇಕೇ ಬೇಕು ಎಂದು ತೋರಿಸುವ ಪೊಟ್ಯಾಸಿಯಂ ಹೈಡ್ರಾಕ್ಸೈಡ್‌ನ ಪ್ರಯೋಗ ಹತ್ತನೇ ತರಗತಿಯ ಪಾಠ. ಅಷ್ಟರಲ್ಲಿ ಮಗುವಿನ ಎರಡೂ ಪುಸ್ತಕಗಳಿಗೆ ರಟ್ಟು ಬಿದ್ದಾಗಿರುತ್ತದೆ.

ಇಲ್ಲಿ ಬೆಲ್ಜಿಯಂನ ಯಾನ್ ಬ್ಯಾಪ್ಟಿಸ್ಟ್ ವಾನ್ ಹೆಲ್ಮಾಂಟ್ ಎಂಬ ವೈದ್ಯನ ಕಥೆ ಪ್ರಸ್ತುತವಾಗುತ್ತದೆ. 1648ರಲ್ಲಿ, ಅವನು ಸತ್ತ ಮೇಲೆ ಪ್ರಕಟವಾದ ಬರಹದಲ್ಲಿ ಈ ಪ್ರಯೋಗದ ವಿವರವಿದೆ. 200 ಪೌಂಡು ಒಣಮಣ್ಣು ತೂಗಿ ಕುಂಡಕ್ಕೆ ತುಂಬಿದ, ಐದು ಪೌಂಡಿನ ಒಂದು ವಿಲೋ ಸಸಿ ನೆಟ್ಟ, ಐದು ವರ್ಷ ನೀರು ಬಿಟ್ಟು ಬೇರೇನನ್ನೂ ಹಾಕಲಿಲ್ಲ. ಕೊನೆಗೆ ಮರ ಸುಮಾರು 169 ಪೌಂಡು ತೂಗಿತು. ಮಣ್ಣನ್ನು ಒಣಗಿಸಿ ತೂಗಿದರೆ ಕಡಿಮೆಯಾಗಿದ್ದುದು ಎರಡು ಔನ್ಸು ಮಾತ್ರ. ಮರ ಮಣ್ಣನ್ನು ತಿಂದು ಬೆಳೆಯುತ್ತದೆ ಎಂಬ ಎರಡು ಸಾವಿರ ವರ್ಷಗಳ ನಂಬಿಕೆಯನ್ನು ಒಂದು ತಕ್ಕಡಿ ಬೀಳಿಸಿತು. ಹನ್ನೆರಡರ ಮಗುವಿಗೆ ಈ ಕಥೆ ಪೂರ್ತಿ ಅರ್ಥವಾಗುತ್ತದೆ. ಇದರಲ್ಲಿ ಒಂದೂ ಪಾರಿಭಾಷಿಕ ಪದವಿಲ್ಲ, ಕೂಡುವುದು ಕಳೆಯುವುದು ಬಂದರೆ ಸಾಕು. ಮಗುವಿನ ಸ್ವಂತ ನಂಬಿಕೆಯನ್ನೇ ಇದು ನೇರವಾಗಿ ಎದುರಿಸುತ್ತದೆ. ಮಾಧ್ಯಮಿಕ ಶಾಲೆಯ ಜೀವಶಾಸ್ತ್ರ ಇಲ್ಲಿಂದ ಶುರುವಾಗಬಹುದು. ಬದಲಿಗೆ ಬಹಳ ಪುಸ್ತಕಗಳು ಶುರುವಾಗುವುದು ವರ್ಗೀಕರಣದ ಪಟ್ಟಿಗಳಿಂದ, ಭಾಗಗಳನ್ನು ಹೆಸರಿಸುವ ಚಿತ್ರಗಳಿಂದ.

ಹಾಗಾದರೆ ಮಕ್ಕಳನ್ನು ತೋಟಕ್ಕೆ ಬಿಟ್ಟರೆ ಸಾಕೇ, ಅವರೇ ಎಲ್ಲವನ್ನೂ ಕಂಡುಕೊಳ್ಳುತ್ತಾರೆಯೇ? ಈ ಆಕ್ಷೇಪ ಗಟ್ಟಿಯಾದದ್ದು. ಪಾಲ್ ಕಿರ್ಷ್ನರ್, ಜಾನ್ ಸ್ವೆಲರ್, ರಿಚರ್ಡ್ ಕ್ಲಾರ್ಕ್ ಎಂಬ ಮೂವರು 2006ರಲ್ಲಿ ಬರೆದ, ಬಹಳ ಚರ್ಚೆಯಾದ ಪ್ರಬಂಧವೊಂದರ ವಾದವೇ ಅದು: ಅನನುಭವಿ ಕಲಿಯುವವರಿಗೆ ಮಾರ್ಗದರ್ಶನ ಕಡಿಮೆ ಮಾಡಿದಷ್ಟೂ ಕಲಿಕೆ ಕುಸಿಯುತ್ತದೆ. ಇದನ್ನು ಒಪ್ಪಲು ಅವರ ಪ್ರಬಂಧವೂ ಬೇಕಿಲ್ಲ, ವಾನ್ ಹೆಲ್ಮಾಂಟನೇ ಸಾಕ್ಷಿ. ಅಷ್ಟು ಅಚ್ಚುಕಟ್ಟಾಗಿ ತೂಗಿದವನು ಕೊನೆಗೆ ತೆಗೆದ ತೀರ್ಮಾನ ಏನು? ಮರವೆಲ್ಲ ನೀರಿನಿಂದಲೇ ಆದದ್ದು ಎಂದು. ತಮಾಷೆಯೆಂದರೆ ‘ಗ್ಯಾಸ್’ ಎಂಬ ಹೆಸರನ್ನು ವಿಜ್ಞಾನಕ್ಕೆ ಕೊಟ್ಟವನೇ ಅವನು. 62 ಪೌಂಡು ಇದ್ದಲು ಸುಟ್ಟರೆ ಒಂದು ಪೌಂಡು ಬೂದಿ ಉಳಿದು ಮಿಕ್ಕಿದ್ದೆಲ್ಲ ಅನಿಲವಾಗಿ ಹೋಗುತ್ತದೆ ಎಂದು ಬರೆದವನೂ ಅವನೇ. ಮರ ಸುಟ್ಟರೆ ಗಾಳಿಗೆ ಹೋಗುವುದನ್ನು ಕಂಡವನಿಗೆ, ಮರ ಗಾಳಿಯಿಂದಲೇ ಬಂದಿರಬಹುದು ಎಂದು ಹೊಳೆಯಲಿಲ್ಲ. ಸಾಲದ್ದಕ್ಕೆ, ಗೋಧಿಯ ಜೊತೆ ಬೆವರು ಹಿಡಿದ ಅಂಗಿ ಇಟ್ಟರೆ 21 ದಿನಗಳಲ್ಲಿ ಇಲಿ ಹುಟ್ಟುತ್ತದೆ ಎಂದೂ ಅವನು ನಂಬಿದ್ದ. ಜೋಸೆಫ್ ಪ್ರೀಸ್ಟ್ಲಿ 1770ರ ದಶಕದ ಆರಂಭದಲ್ಲಿ ಪುದಿನ ಗಿಡ ಕೆಟ್ಟ ಗಾಳಿಯನ್ನು ಸರಿಪಡಿಸುವುದನ್ನು ಕಂಡ, 1779ರಲ್ಲಿ ಯಾನ್ ಇಂಗೆನ್‌ಹೌಸ್ ಅದಕ್ಕೆ ಬೆಳಕು ಬೇಕು, ಹಸಿರು ಭಾಗವೇ ಬೇಕು ಎಂದ, 1804ರಲ್ಲಿ ನಿಕೊಲಾ ದ ಸೋಸ್ಯುರ್ ಇಂಗಾಲ ಮತ್ತು ನೀರಿನ ತೂಕದ ಲೆಕ್ಕ ಕೂಡಿಸಿದ. ಒಂದೂವರೆ ಶತಮಾನ ಹಿಡಿದ ಕೆಲಸ. ನಲವತ್ತು ನಿಮಿಷದ ಪಿರಿಯಡ್ಡಿನಲ್ಲಿ ಮಗು ತಾನಾಗಿ ಅದನ್ನು ಕಂಡುಕೊಳ್ಳಲಿ ಎಂದು ಕಾಯುವುದು ಮಗುವಿಗೆ ಮಾಡುವ ಅನ್ಯಾಯ. ಉತ್ತರವನ್ನು ಶಿಕ್ಷಕರೇ ಹೇಳಬೇಕು, ಸ್ಪಷ್ಟವಾಗಿ ಹೇಳಬೇಕು. ನನ್ನ ತಕರಾರು ಹೇಳುವುದರ ಬಗ್ಗೆ ಅಲ್ಲ, ಪ್ರಶ್ನೆ ಹುಟ್ಟುವ ಮೊದಲೇ ಹೇಳಿ ಮುಗಿಸುವುದರ ಬಗ್ಗೆ.

ಪ್ರಶ್ನೆ ಹುಟ್ಟಿಸಲು ಐದು ವರ್ಷದ ವಿಲೋ ಬೇಕಿಲ್ಲ, ಹೆಸರುಕಾಳು ಸಾಕು. ಎಣಿಸಿದ 200 ಕಾಳುಗಳ ಮೂರು ಪಾಲು ಮಾಡಿ, ಗ್ರಾಂನ ಹತ್ತನೇ ಒಂದು ಭಾಗ ತೋರಿಸುವ ಪುಟ್ಟ ಡಿಜಿಟಲ್ ತಕ್ಕಡಿಯಲ್ಲಿ ತೂಗಬೇಕು. ಒಂದು ಪಾಲು ನೆನೆಸದೆ ಹಾಗೇ ಇರಲಿ. ಇನ್ನೊಂದನ್ನು ನೆನೆಸಿ, ಕತ್ತಲೆಯ ಬೀರುವಿನಲ್ಲಿ ಒದ್ದೆ ಬಟ್ಟೆಯ ಮೇಲೆ ಒಂದು ವಾರ ಮೊಳೆಯಲು ಬಿಡಬೇಕು. ಮೂರನೆಯದನ್ನು ಕುಂಡದಲ್ಲಿ ಬಿತ್ತಿ ಬಿಸಿಲಲ್ಲಿ ಒಂದು ತಿಂಗಳು ಬೆಳೆಸಬೇಕು. ಕತ್ತಲೆಯ ಮೊಳಕೆಗಳು ಬೆಳ್ಳಗೆ, ಉದ್ದಕ್ಕೆ ಚಾಚಿಕೊಂಡಿರುತ್ತವೆ. ತೂಗಿದರೆ ಮೊದಲಿಗಿಂತ ಬಹಳ ಹೆಚ್ಚು. ಮಕ್ಕಳು ‘ಬೆಳೆದಿದೆ’ ಎನ್ನುತ್ತಾರೆ. ಈಗ ಅವನ್ನು ಕಳಚಿದ ಸಿಪ್ಪೆಯ ಸಮೇತ ಬಿಸಿಲಿಗೆ ಹರವಿ, ಪಕ್ಕದಲ್ಲೇ ನೆನೆಸದ ಪಾಲನ್ನೂ ಹರವಿ, ತೂಕ ಇಳಿಯುವುದು ನಿಲ್ಲುವವರೆಗೆ ಗರಿಗರಿಯಾಗಿ ಒಣಗಿಸಿ ಮತ್ತೆ ತೂಗಬೇಕು. ಮೊಳೆತದ್ದು ಮೊಳೆಯದ್ದಕ್ಕಿಂತ ಕಡಿಮೆ ತೂಗುತ್ತದೆ! ಗೇಣುದ್ದ ಬೆಳೆದ ಜೀವಿ ಮೊದಲಿಗಿಂತ ಹಗುರ. ಹೆಚ್ಚಾಗಿದ್ದದ್ದು ನೀರು, ಕಾಳಿನೊಳಗಿನ ಸ್ವಂತ ಸರಕು ಎಲ್ಲಿಗೋ ಹೋಗಿದೆ. ಎಲ್ಲಿಗೆ? ಸೋರಿಲ್ಲ, ಇರುವೆ ಹೊತ್ತೊಯ್ದಿಲ್ಲ. ತಾಂಬೂಲದ ಸುಣ್ಣವನ್ನು ನೀರಿಗೆ ಕಲಸಿ, ತಂಗಲು ಬಿಟ್ಟು, ಮೇಲಿನ ತಿಳಿಯನ್ನು ಒಂದು ಲೋಟದಲ್ಲಿಟ್ಟು, ಮೊಳಕೆಗಳ ಜೊತೆ ಮುಚ್ಚಿದ ಜಾಡಿಯಲ್ಲಿ ಒಂದು ರಾತ್ರಿ ಬಿಟ್ಟರೆ ತಿಳಿ ಹಾಲಿನಂತಾಗುತ್ತದೆ. ಮಕ್ಕಳು ಕೊಳವೆಯಲ್ಲಿ ಊದಿದರೂ ಹಾಗೇ ಆಗುತ್ತದೆ. ಮೊಳಕೆಯಿಲ್ಲದ ಜಾಡಿಯ ತಿಳಿ ಅಷ್ಟು ಕೆಡುವುದಿಲ್ಲ. ಕಾಳು ಉಸಿರಾಡುತ್ತಿದೆ, ಉಸಿರಿನಲ್ಲೇ ತನ್ನನ್ನು ತಾನು ಖರ್ಚು ಮಾಡಿಕೊಳ್ಳುತ್ತಿದೆ. ತಿಂಗಳ ನಂತರ ಮೂರನೆಯ ಪಾಲಿನ ಗಿಡಗಳನ್ನು ಕಿತ್ತು ಬೇರು ತೊಳೆದು ಒಣಗಿಸಿ ತೂಗಿದರೆ, ಒಣತೂಕ ಬಿತ್ತಿದ ಕಾಳಿನದನ್ನು ದಾಟಿರುತ್ತದೆ. ಖರ್ಚಾದದ್ದು ಗಾಳಿಗೆ ಹೋಯಿತು, ಹಾಗಾದರೆ ಈ ಜಮೆ ಎಲ್ಲಿಂದ? ಈ ಘಳಿಗೆಯಲ್ಲಿ ಶಿಕ್ಷಕರು ಬಾಯಿಬಿಟ್ಟು ಹೇಳುವ ಉತ್ತರಕ್ಕೂ ಪುಸ್ತಕದ ಮೂರನೇ ಪುಟದಲ್ಲಿ ದಪ್ಪಕ್ಷರದಲ್ಲಿ ಅಚ್ಚಾದ ಉತ್ತರಕ್ಕೂ ಅಕ್ಷರದಲ್ಲಿ ವ್ಯತ್ಯಾಸವಿರುವುದಿಲ್ಲ. ಕೇಳುವ ಕಿವಿಯಲ್ಲಿ ಇರುತ್ತದೆ.

ಆದರೂ ಚುರುಕಾದ ಮಗು ಒಪ್ಪಲಾರದು. ಒಪ್ಪಬಾರದು ಕೂಡ. ಗಾಳಿಗೆಲ್ಲಿಯ ತೂಕ ಎಂದು ಅದು ಕೇಳುತ್ತದೆ. ಆರು ಮೀಟರ್ ಉದ್ದ, ಆರು ಮೀಟರ್ ಅಗಲ, ಮೂರು ಮೀಟರ್ ಎತ್ತರದ ಒಂದು ತರಗತಿ ಕೋಣೆಯಲ್ಲಿರುವ ಗಾಳಿಯ ತೂಕ 100 ಕಿಲೊ ಮೀರುತ್ತದೆ, ಅಂದರೆ ಮೇಷ್ಟ್ರಿಗಿಂತ ಹೆಚ್ಚು. ಅದರಲ್ಲಿ ಇಂಗಾಲದ ಡೈಆಕ್ಸೈಡ್‌ನ ಪಾಲು ಗಾತ್ರದಲ್ಲಿ ಹತ್ತು ಸಾವಿರಕ್ಕೆ ನಾಲ್ಕರ ಆಸುಪಾಸು. ತೂಕದಲ್ಲಿ ಸುಮಾರು 80 ಗ್ರಾಂ. ಆ 80ರಲ್ಲಿ ಇಂಗಾಲ 20 ಗ್ರಾಂ ಚಿಲ್ಲರೆ. (ಮಕ್ಕಳು ತುಂಬಿದ ಕೋಣೆಯಲ್ಲಿ ಇನ್ನೂ ಹೆಚ್ಚಿರುತ್ತದೆ, ಅದು ಅವರೇ ಬಿಟ್ಟದ್ದು.) ಒಣಕಟ್ಟಿಗೆಯ ತೂಕದಲ್ಲಿ ಹೆಚ್ಚುಕಡಿಮೆ ಅರ್ಧ ಇಂಗಾಲ. ಹಾಗಾಗಿ ಒಂದು ಕಿಲೊ ಕಟ್ಟಿಗೆ ಆಗಬೇಕಾದರೆ ಇಂಥ ಇಪ್ಪತ್ತಕ್ಕೂ ಹೆಚ್ಚು ಕೋಣೆಗಳ ಗಾಳಿಯನ್ನು ಜಾಲಿಸಿ ಅಷ್ಟೂ ಇಂಗಾಲವನ್ನು ಹೆಕ್ಕಬೇಕು. ಈ ಲೆಕ್ಕ ಕರಿಹಲಗೆಯ ಮೇಲೆ ಬಿದ್ದ ಮೇಲೆ ಎಲೆಯ ಪಾಠ ಬೇರೆಯೇ ಆಗುತ್ತದೆ. ಎಲೆ ಯಾಕಿಷ್ಟು ತೆಳು, ಯಾಕಿಷ್ಟು ಅಗಲ, ಒಂದು ಮರಕ್ಕೆ ಯಾಕಿಷ್ಟು ಸಾವಿರ ಎಲೆ, ಎಲೆಯ ಅಡಿಯಲ್ಲಿ ಯಾಕಷ್ಟು ಪತ್ರರಂಧ್ರಗಳು ಎಂಬುದಕ್ಕೆಲ್ಲ ಕಾರಣ ಸಿಗುತ್ತದೆ. ಅಷ್ಟು ಬಾಯಿ ತೆರೆದರೆ ನೀರು ಆವಿಯಾಗಿ ಹೋಗುವುದಿಲ್ಲವೇ ಎಂದು ಮಗುವೇ ಕೇಳಿದರೆ, ಬಾಷ್ಪವಿಸರ್ಜನೆಯ ಪಾಠವನ್ನು ಬೇರೆ ಪೀಠಿಕೆ ಹಾಕಿ ಆರಂಭಿಸಬೇಕಿಲ್ಲ. ಗೊಬ್ಬರದ ವಿಷಯವೂ ಇಲ್ಲೇ ಇತ್ಯರ್ಥವಾಗುತ್ತದೆ: ವಾನ್ ಹೆಲ್ಮಾಂಟನ ಮಣ್ಣಿನಲ್ಲಿ ಕಡಿಮೆಯಾದ ಎರಡು ಔನ್ಸು ಅವನಿಗೆ ಗಣನೆಗೆ ಬಾರದ ವ್ಯತ್ಯಾಸವಾಗಿತ್ತು. ಸಾರಜನಕ, ರಂಜಕ, ಪೊಟ್ಯಾಷ್ ಮಣ್ಣಿನಿಂದ ಗಿಡಕ್ಕೆ ಹೋಗುವುದು ಅಂಥ ಅಲ್ಪ ಪ್ರಮಾಣದಲ್ಲೇ. ಅಲ್ಪವಾದರೂ ಇಲ್ಲದೆ ನಡೆಯುವುದಿಲ್ಲ. ರೈತನ ಮಗುವಿನ ಅನುಭವ ಸುಳ್ಳಾಗಲಿಲ್ಲ, ಅದಕ್ಕೆ ಸರಿಯಾದ ಜಾಗ ಸಿಕ್ಕಿತು.

ಎರಡು ಪುಸ್ತಕಗಳು ತಾಳೆಯಾಗದೆ ಉಳಿದರೆ ಏನಾಗುತ್ತದೆ ಎಂಬುದಕ್ಕೆ ಹುಣಸೆ ಮರದ ಉದಾಹರಣೆ ಸಾಕು. ರಾತ್ರಿ ಮರದಡಿ ಮಲಗಬಾರದು, ದೆವ್ವ ಇರುತ್ತದೆ ಎಂಬುದು ಹಳೆಯ ಮಾತು. ರಾತ್ರಿ ಮರ ಇಂಗಾಲದ ಡೈಆಕ್ಸೈಡ್ ಬಿಡುವುದರಿಂದ ಮಲಗಿದವರಿಗೆ ಅಪಾಯ, ಹಿರಿಯರ ಮಾತಿನ ಹಿಂದೆ ವಿಜ್ಞಾನವಿದೆ ಎಂಬುದು ಓದಿದವರ ಮಾತು. ಮರ ಹಗಲೂ ಉಸಿರಾಡುತ್ತದೆ, ರಾತ್ರಿಯೂ ಉಸಿರಾಡುತ್ತದೆ, ಆ ಅನಿಲ ಬಯಲಿನ ಗಾಳಿಯಲ್ಲಿ ಬೆರೆತುಹೋಗುತ್ತದೆ. ಒಬ್ಬ ಮನುಷ್ಯ ದಿನಕ್ಕೆ ಉಸಿರಿನಲ್ಲಿ ಬಿಡುವ ಇಂಗಾಲದ ಡೈಆಕ್ಸೈಡ್ ಒಂದು ಕಿಲೊದ ಹತ್ತಿರಕ್ಕಿದೆ. ಕಿಟಕಿ ಮುಚ್ಚಿದ ಕೋಣೆಯಲ್ಲಿ ನಾಲ್ಕು ಜನ ಒಟ್ಟಿಗೆ ಮಲಗುವುದಕ್ಕೆ ಹೆದರದವರು ಬಯಲಿನ ಹುಣಸೆಗೆ ಹೆದರಬೇಕಿಲ್ಲ. ‘ಎಷ್ಟು’ ಎಂದು ಕೇಳಲು ಕಲಿಸದೆ ‘ಏನು’ ಎಂಬುದನ್ನಷ್ಟೇ ಕಲಿಸಿದ ಶಾಲೆ ದೆವ್ವಕ್ಕೆ ಪಾರಿಭಾಷಿಕ ಪದದ ಅಂಗಿ ತೊಡಿಸಿ ಕಳುಹಿಸಿದೆ.

ಇಷ್ಟಕ್ಕೆಲ್ಲ ಸಮಯ ಎಲ್ಲಿದೆ ಎಂಬುದು ಸ್ಟಾಫ್ ರೂಮಿನ ಮೊದಲ ಪ್ರಶ್ನೆ. ಕಾಳು ಮೊಳೆಯಲು ಒಂದು ವಾರ ಬೇಕು ನಿಜ, ಶಿಕ್ಷಕರ ಪಿರಿಯಡ್ಡುಗಳು ಒಂದು ವಾರ ಬೇಕಿಲ್ಲ. ದಿನಕ್ಕೆ ಐದು ನಿಮಿಷ ಸಾಕು, ಉಳಿದ ಕೆಲಸ ಕಾಳಿನದು. ಹಾಗಿದ್ದೂ ಒಂದಷ್ಟು ಪಾಠ ಕೈಬಿಡಬೇಕಾಗುತ್ತದೆ ಎಂಬುದನ್ನು ಮುಚ್ಚಿಡಬಾರದು. ಯಶಪಾಲ್ ಸಮಿತಿ 1993ರಲ್ಲೇ ಮಕ್ಕಳ ಮೇಲಿನ ಹೊರೆಯ ಬಗ್ಗೆ ವರದಿ ಕೊಟ್ಟಿತ್ತು. ತಿಳಿಯದೆ ಕಲಿಯುವ ಹೊರೆ ಚೀಲದ ಹೊರೆಗಿಂತ ಕೆಟ್ಟದ್ದು ಎಂಬುದೇ ಅದರ ತಿರುಳು. 2023ರಲ್ಲಿ ಎನ್‌ಸಿಇಆರ್‌ಟಿ ಹತ್ತನೇ ತರಗತಿಯ ಪುಸ್ತಕದಿಂದ ಜೀವವಿಕಾಸದ ಭಾಗ ತೆಗೆದಾಗ 1,800ಕ್ಕೂ ಹೆಚ್ಚು ವಿಜ್ಞಾನಿಗಳು, ಶಿಕ್ಷಕರು ಸಹಿ ಹಾಕಿ ಪ್ರತಿಭಟಿಸಿದರು. ಪ್ರತಿಭಟನೆ ಸರಿಯೇ. ಪುಸ್ತಕದಲ್ಲಿ ಉಳಿದೂ ತಲೆಗೆ ಇಳಿಯದ ಪಾಠಗಳಿಗಾಗಿ ಮಾತ್ರ ಯಾರೂ ಸಹಿ ಸಂಗ್ರಹಿಸುವುದಿಲ್ಲ. ಮಾಧ್ಯಮಿಕ ಹಂತದಲ್ಲಿ ಜೀವಕೋಶದ ಒಳಗಿನ ಕಣದಂಗಗಳ ಹೆಸರುಗಳನ್ನು ಒಂದೆರಡು ವರ್ಷ ಮುಂದೂಡಿದರೆ ನಷ್ಟವೇನಿಲ್ಲ. ರಾಬರ್ಟ್ ಹುಕ್ 1665ರಲ್ಲಿ ಬೆಂಡಿನ ಚೂರಿನಲ್ಲಿ ಕೋಶ ಕಂಡ ಮೇಲೆ, ಜೀವಿಗಳೆಲ್ಲ ಕೋಶಗಳಿಂದಾದವು ಎಂದು ಶ್ಲೈಡೆನ್, ಶ್ವಾನ್ ಹೇಳಲು 1838–39ರವರೆಗೆ ಕಾಯಬೇಕಾಯಿತು. ಅದನ್ನು ಎಂಟನೇ ತರಗತಿಯ ಮಗು ಒಂದು ವಾರ ತಡವಾಗಿ ಬಾಯಿಪಾಠ ಮಾಡಿದರೆ ಆಕಾಶ ಕಳಚಿ ಬೀಳದು.

ಎರಡನೆಯ ಆಕ್ಷೇಪ ತಂದೆತಾಯಿಗಳದು: ಮುಂದೆ ನೀಟ್ ಇದೆ, ಅಲ್ಲಿ ಕೇಳುವುದು ಹೆಸರುಗಳನ್ನೇ. ಈ ಆತಂಕ ಹೊಸದಲ್ಲ. ಮಧ್ಯಪ್ರದೇಶದ ಹೊಶಂಗಾಬಾದ್ ಜಿಲ್ಲೆಯಲ್ಲಿ, ಈಗಿನ ನರ್ಮದಾಪುರಂನಲ್ಲಿ, ಕಿಶೋರ್ ಭಾರತಿ ಮತ್ತು ಫ್ರೆಂಡ್ಸ್ ರೂರಲ್ ಸೆಂಟರ್ 1972ರಲ್ಲಿ 16 ಮಾಧ್ಯಮಿಕ ಶಾಲೆಗಳಲ್ಲಿ ವಿಜ್ಞಾನ ಬೋಧನೆಯ ಪ್ರಯೋಗ ಆರಂಭಿಸಿದವು. 1978ರಲ್ಲಿ ಅದು ಇಡೀ ಜಿಲ್ಲೆಗೆ ಹರಡಿತು, 1982ರಿಂದ ಏಕಲವ್ಯ ಸಂಸ್ಥೆ ಹೊಣೆ ಹೊತ್ತಿತು. ‘ಬಾಲ ವೈಜ್ಞಾನಿಕ’ ಎಂಬ ಅದರ ಪುಸ್ತಕಗಳು ಮಕ್ಕಳಿಗೆ ಉತ್ತರದ ಬದಲು ಮಾಡಬೇಕಾದ ಕೆಲಸ ಕೊಡುತ್ತಿದ್ದವು. ಪುಸ್ತಕ ತೆರೆದಿಟ್ಟು ಬರೆಯುವ ಪರೀಕ್ಷೆ ಇತ್ತು, ಜೊತೆಗೆ ಪ್ರಾಯೋಗಿಕ ಪರೀಕ್ಷೆ. ‘ಸವಾಲಿರಾಮ್’ ಎಂಬ ಕಾಲ್ಪನಿಕ ವ್ಯಕ್ತಿಗೆ ಮಕ್ಕಳು ಪತ್ರ ಬರೆದು ಪ್ರಶ್ನೆ ಕೇಳಬಹುದಿತ್ತು. ಸರ್ಕಾರಿ ಶಾಲೆಯಲ್ಲಿ, ಸರ್ಕಾರಿ ಶಿಕ್ಷಕರಿಂದಲೇ ಇದು ಮೂವತ್ತು ವರ್ಷ ನಡೆಯಿತು. 2002ರಲ್ಲಿ ರಾಜ್ಯ ಸರ್ಕಾರ ಅದನ್ನು ನಿಲ್ಲಿಸಿತು. ಹೀಗೆ ಮಾಡಿಸಲು ನಮ್ಮ ಶಾಲೆಗಳಲ್ಲಿ ಆಗದು ಎನ್ನುವವರಿಗೆ ಆ ಮೂವತ್ತು ವರ್ಷ ಉತ್ತರ. ಆದರೆ ಮಾಡಿದ್ದು ಉಳಿಯುತ್ತದೆ ಎಂದು ನಂಬುವವರಿಗೆ 2002 ಕೂಡ ಒಂದು ಉತ್ತರ. ನೀಟ್ ವಿಷಯಕ್ಕೆ ಬಂದರೆ, ಹೆಸರು ಬೇಡ ಎಂದು ಯಾರೂ ಹೇಳುತ್ತಿಲ್ಲ. ಕಂಡ ಮೇಲೆ ಬಂದ ಹೆಸರು ನಿಲ್ಲುತ್ತದೆ, ಕಾಣದೆ ಬಂದ ಹೆಸರನ್ನು ಪ್ರತಿ ವರ್ಷ ಹೊಸದಾಗಿ ಉರುಹೊಡೆಯಬೇಕು. ಕೋಚಿಂಗ್ ಸೆಂಟರ್‌ಗಳ ಆದಾಯದಲ್ಲಿ ಈ ಉರುಹೊಡೆಯುವಿಕೆಯ ಪಾಲೂ ಇರಬೇಕು.

ಪ್ರಯೋಗಾಲಯವಿಲ್ಲ, ಸೂಕ್ಷ್ಮದರ್ಶಕವಿಲ್ಲ ಎಂಬುದಕ್ಕೆ ಹೆಚ್ಚು ಹೇಳಬೇಕಾದ್ದಿಲ್ಲ. ಮೇಲೆ ಹೇಳಿದ ಯಾವುದಕ್ಕೂ ಸೂಕ್ಷ್ಮದರ್ಶಕ ಬೇಡ. ಭೌತಶಾಸ್ತ್ರ ಓದಿದವರು ಜೀವಶಾಸ್ತ್ರ ಹೇಳಬೇಕಾಗಿ ಬರುವುದು ಇದಕ್ಕಿಂತ ನಿಜವಾದ ತೊಡಕು. ಈ ದಾರಿಯಲ್ಲಿ ಮಾತ್ರ ಅವರು ಹಿಂದೆ ಬೀಳುವುದಿಲ್ಲ, ಏಕೆಂದರೆ ಇಲ್ಲಿ ಮೊದಲು ಬೇಕಾದದ್ದು ಜಾತಿ-ಕುಲಗಳ ಪಟ್ಟಿಯಲ್ಲ, ಬಂದದ್ದೆಷ್ಟು ಹೋದದ್ದೆಷ್ಟು ಎಂದು ತೂಗಿ ನೋಡುವ ಅಭ್ಯಾಸ. ಅದು ಅವರಿಗೆ ಮೊದಲೇ ಕೈಗೂಡಿದ ವಿದ್ಯೆ.

ಕೊನೆಗೆ ಎಲ್ಲವೂ ಬಂದು ನಿಲ್ಲುವುದು ಪ್ರಶ್ನೆಪತ್ರಿಕೆಯ ಎದುರು. ನಮ್ಮಲ್ಲಿ ರೂಪಣಾತ್ಮಕ ಮೌಲ್ಯಮಾಪನದ ಅಂಕಗಳು ಶಿಕ್ಷಕರ ಕೈಯಲ್ಲೇ ಇವೆ, ಚಟುವಟಿಕೆಗೆ ಅವಕಾಶವೂ ಇದೆ. ಆ ಚಟುವಟಿಕೆ ಹೆಚ್ಚಾಗಿ ಅಂಗಡಿಯಿಂದ ತಂದ ಚಾರ್ಟನ್ನು ಅಂಟಿಸುವುದರಲ್ಲಿ ಮುಗಿಯುತ್ತದೆ. ಅದರ ಜಾಗದಲ್ಲಿ ಒಂದೇ ಪ್ರಶ್ನೆ ಇಡಬಹುದು: ಕತ್ತಲಲ್ಲಿ ಮೊಳೆತ ಕಾಳನ್ನು ಒಣಗಿಸಿ ತೂಗಿದಾಗ ತೂಕ ಕಡಿಮೆಯಾಗಿತ್ತು, ಬಿಸಿಲಲ್ಲಿ ತಿಂಗಳು ಬೆಳೆದದ್ದರ ತೂಕ ಹೆಚ್ಚಾಗಿತ್ತು, ಕಾರಣ ಬರೆಯಿರಿ, ನಿಮ್ಮ ಕಾರಣ ಸರಿಯೇ ಎಂದು ಪರೀಕ್ಷಿಸಲು ಏನು ಮಾಡುತ್ತೀರಿ ತಿಳಿಸಿ. ಪ್ರಶ್ನೆ ಇಡುವುದು ಸುಲಭ. ಉತ್ತರಸೂಚಿ ಬರೆಯುವುದು ಕಷ್ಟ. ತೂಕವೆಲ್ಲ ನೀರಿನಿಂದ ಬಂತು ಎಂದು ಬರೆದು, ಅದನ್ನು ಪರೀಕ್ಷಿಸುವ ಸರಿಯಾದ ವಿಧಾನವನ್ನೂ ಬರೆದ ಮಗುವಿಗೆ ಐದಕ್ಕೆ ಎಷ್ಟು ಅಂಕ? ಸಮೀಕರಣವನ್ನು ತಪ್ಪಿಲ್ಲದೆ ಬರೆದು, ಪರೀಕ್ಷಿಸುವ ದಾರಿ ತೋಚದೆ ಬಿಟ್ಟ ಮಗುವಿಗೆ ಎಷ್ಟು? ಇದನ್ನು ಇಲಾಖೆಯ ಸುತ್ತೋಲೆ ತೀರ್ಮಾನಿಸಲಾರದು. ಕ್ಲಸ್ಟರ್ ಮಟ್ಟದ ಸಮಾಲೋಚನಾ ಸಭೆಯಲ್ಲಿ ಹತ್ತು ಜನ ವಿಜ್ಞಾನ ಶಿಕ್ಷಕರು ಮಕ್ಕಳ ಹತ್ತಾರು ಉತ್ತರಪತ್ರಿಕೆಗಳನ್ನು ಮುಂದೆ ಹರವಿಕೊಂಡು, ವಾನ್ ಹೆಲ್ಮಾಂಟನಿಗೆ ತಾವು ಎಷ್ಟು ಅಂಕ ಕೊಡುತ್ತಿದ್ದೆವು ಎಂಬುದನ್ನೂ ಸೇರಿಸಿ, ಜಗಳವಾಡಿಯೇ ಗೊತ್ತುಮಾಡಬೇಕು.